ಹಂದಿಯ ಬೆನ್ನು ಹಿಡಿದು ನೆರೆಯವರ ತೋಟಕ್ಕೆ

‘ಬೆಡಿಯವರು ಯಾವತ್ತು ಬರುದು?’

ಕಾಸರಗೋಡಿನ ಪೂರ್ವದ ಬೈಲುಗಳಲ್ಲಿ ಈಚಿನ ಕೆಲವು ವರ್ಷಗಳಿಂದ ಕೇಳಿಬರುವ ಮಾತಿದು. ಮೊದಲಾದರೆ ಇದೇ ರಾಗದಲ್ಲಿ ವಿಚಾರಿಸುತ್ತಿದ್ದುದು ಅಡಿಕೆ ಕೊಯ್ಲಿನವರನ್ನು, ಮಳೆಗಾಲದಲ್ಲಿ ಮದ್ದು ಬಿಡುವವರನ್ನು. ಹೊರಗಿನವರಿಗೆ ಬೆಡಿ ಎಂದ ಕೂಡಲೆ ಕುಂಬಳೆ ಜಾತ್ರೆಯ ಸಿಡಿಮದ್ದು ನೆನಪಾಗಬಹುದು. ನಮ್ಮಲ್ಲಿ ಕೋವಿಗೂ ಬೆಡಿ ಎಂದೇ ಹೆಸರು. ಪಂಚಾಯತಿನ ಅನುಮತಿ ಪತ್ರ ಕಿಸೆಯಲ್ಲಿಟ್ಟುಕೊಂಡು, ತಲೆಗೆ ಲೈಟು ಕಟ್ಟಿ, ರಾತ್ರಿ ತೋಟಕ್ಕಿಳಿದು ಕಾಡುಹಂದಿ ಹೊಡೆಯುವ ಪರವಾನಗಿದಾರರೇ ಈ ಬೆಡಿಯವರು.

ಅವರು ಬರುವುದು ಒಬ್ಬನ ಕರೆಯ ಮೇಲೆ. ಹಂದಿ ಓಡುವುದು ಮಾತ್ರ ಹತ್ತು ಜನರ ಜಾಗದಲ್ಲಿ. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಕಾರಡ್ಕ, ದೇಲಂಪಾಡಿ – ಈ ಪಂಚಾಯತುಗಳಲ್ಲಿ ಒಂದು ಸುತ್ತು ಬಂದವರಿಗೆ ಗೊತ್ತು, ಇಲ್ಲಿ ಒಬ್ಬರ ಜಾಗ ಮುಗಿದು ಇನ್ನೊಬ್ಬರದು ಸುರುವಾಗುವುದು ಒಂದು ಅಗಳಿನಲ್ಲಿ, ಒಂದು ದರೆಯಲ್ಲಿ, ಕೆಲವು ಕಡೆ ಬರೇ ಒಂದು ತಡಮೆಯಲ್ಲಿ. ಕೆಳಗೆ ಅಡಿಕೆ ತೋಟ, ಮೇಲೆ ಗೇರು ಅಥವಾ ರಬ್ಬರು, ಅದರ ಮೇಲೆ ಮುರಕಲ್ಲಿನ ಗುಡ್ಡೆ. ಹಗಲು ಹಂದಿ ಮಲಗುವುದು ಒಬ್ಬರ ಗುಡ್ಡೆಯ ಪೊದೆಯಲ್ಲಿ, ರಾತ್ರಿ ಮೇಯುವುದು ಇನ್ನೊಬ್ಬರ ತೋಟದಲ್ಲಿ, ಗುಂಡು ತಾಗಿದ ಮೇಲೆ ಸಾಯುವುದು ಮೂರನೆಯವರ ಕೆರೆದಂಡೆಯಲ್ಲಿ. ಹೀಗಿರುವಾಗ ಯಾರು ಯಾರನ್ನು ಕೇಳಬೇಕು, ಎಲ್ಲಿಯವರೆಗೆ ಹೋಗಬಹುದು, ಸತ್ತದ್ದನ್ನು ಯಾರು ಹೂಳಬೇಕು ಎಂಬುದನ್ನು ಯಾವ ಸರ್ಕಾರಿ ಆದೇಶವೂ ಹೇಳಿಕೊಡುವುದಿಲ್ಲ. ಅದು ನೆರೆಕರೆಯ ಮರ್ಯಾದೆಯ ವಿಷಯ. ಆ ಮರ್ಯಾದೆ ಕೆಟ್ಟಲ್ಲೆಲ್ಲ ಹಂದಿಗಿಂತ ದೊಡ್ಡ ಉಪದ್ರ ಹುಟ್ಟಿಕೊಂಡಿದೆ.

ಹಂದಿಯ ಉಪದ್ರವೇನು ಸಣ್ಣದಲ್ಲ. ಮರಗೆಣಸು, ಸುವರ್ಣಗೆಡ್ಡೆ, ಕೆಸು ನೆಡುವುದನ್ನು ಎಷ್ಟೋ ಮನೆಯವರು ಬಿಟ್ಟೇಬಿಟ್ಟಿದ್ದಾರೆ. ಬಾಳೆಯ ಬುಡ ಅಗೆದು ಗೆಡ್ಡೆ ತಿನ್ನುತ್ತದೆ. ನೆಟ್ಟ ತೆಂಗಿನ ಸಸಿಯನ್ನು ಕಿತ್ತು ಒಳಗಿನ ತಿರುಳು ತಿನ್ನುತ್ತದೆ. ಅಡಿಕೆ ಗಿಡ ಅದಕ್ಕೆ ಬೇಡ, ಬುಡಕ್ಕೆ ಹಾಕಿದ ಗೊಬ್ಬರದಲ್ಲಿರುವ ಎರೆಹುಳ, ಬೇರುಹುಳ ಬೇಕು. ಅದಕ್ಕಾಗಿ ಮೂತಿಯಿಂದ ಉತ್ತು ಹಾಕಿದರೆ ಎರಡು ವರ್ಷದ ಗಿಡ ಬೇರುಸಹಿತ ಮೇಲೆ. ನೀರಿನ ಪೈಪು, ಜೆಟ್ಟು ಮುರಿಯುವುದು ಬೇರೆ. ಹೆಣ್ಣುಗಳೂ ಮರಿಗಳೂ ಹಿಂಡಾಗಿ ಬರುತ್ತವೆ, ಬಲಿತ ಗಂಡು ಒಂಟಿಯಾಗಿ ತಿರುಗುತ್ತದೆ. ಗರ್ಭ ಸುಮಾರು ನಾಲ್ಕು ತಿಂಗಳು, ಒಂದು ಸಲಕ್ಕೆ ನಾಲ್ಕಾರು ಮರಿ. ಹುಲಿ, ಚಿರತೆ ಇಲ್ಲದ ಬೈಲಿನಲ್ಲಿ ಅದರ ಸಂಖ್ಯೆ ಹೇಗೆ ಏರುತ್ತದೆಂದು ಲೆಕ್ಕ ಬಲ್ಲ ವ್ಯಾಪಾರಿಗಳಿಗೆ ವಿವರಿಸಬೇಕಾಗಿಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಬೇಟೆ ನಿಷಿದ್ಧ. ಅದರ 11ನೆಯ ಕಲಮಿನಲ್ಲಿ ಮಾತ್ರ ಒಂದು ಕಿಟಿಕಿ ಉಂಟು. ಜೀವಕ್ಕೆ ಅಥವಾ ಬೆಳೆಗೆ ಅಪಾಯವಾದ ಕೆಲವು ಪ್ರಾಣಿಗಳನ್ನು ಕೊಲ್ಲಲು ರಾಜ್ಯದ ಮುಖ್ಯ ವನ್ಯಜೀವಿ ವಾರ್ಡನ್ ಅಥವಾ ಅವರು ಅಧಿಕಾರ ಕೊಟ್ಟವರು ಬರವಣಿಗೆಯಲ್ಲಿ ಅನುಮತಿ ಕೊಡಬಹುದು. ಕಾಡುಹಂದಿಯನ್ನು ಉಪದ್ರವಕಾರಿ ಪ್ರಾಣಿಯೆಂದು ಸಾರಬೇಕೆಂಬ ಕೇರಳದ ಬೇಡಿಕೆಯನ್ನು ಕೇಂದ್ರ ಹಲವು ಸಲ ತಳ್ಳಿಹಾಕಿತು. 2021ರಲ್ಲಿ ಹೈಕೋರ್ಟಿಗೆ ಹೋದ ಕೆಲವು ರೈತರಿಗೆ ಅವರವರ ಜಾಗದಲ್ಲಿ ಹಂದಿ ಹೊಡೆಯಲು ಅನುಮತಿ ಕೊಡುವಂತೆ ಮಧ್ಯಂತರ ಆದೇಶವಾಯಿತು. 2022ರ ಮೇ ತಿಂಗಳಲ್ಲಿ ಕೇರಳ ಸರ್ಕಾರ ಪಂಚಾಯತು ಅಧ್ಯಕ್ಷರನ್ನು, ನಗರಸಭಾಧ್ಯಕ್ಷರನ್ನು ಗೌರವ ವನ್ಯಜೀವಿ ವಾರ್ಡನ್ನರನ್ನಾಗಿ ಮಾಡಿ, ಕಾಡಿನ ಹೊರಗಿನ ಜಾಗದಲ್ಲಿ ಪರವಾನಗಿಯುಳ್ಳ ಕೋವಿಯವರಿಂದ ಹಂದಿ ಹೊಡೆಸುವ ಅಧಿಕಾರ ಕೊಟ್ಟಿತು. ವಿಷ, ಸ್ಫೋಟಕ, ಕರೆಂಟು ಕೂಡದು ಎಂಬ ಶರತ್ತೂ ಜೊತೆಗಿತ್ತು. ಒಂದು ವರ್ಷಕ್ಕೆಂದು ಕೊಟ್ಟದ್ದು ಬಳಿಕ ಮುಂದುವರಿಯುತ್ತ ಬಂತು. ಅವಧಿಯ ಲೆಕ್ಕದಲ್ಲಿ ನಡೆಯುವ ಅಧಿಕಾರವಾದ್ದರಿಂದ, ಬೆಡಿಯವರಿಗೆ ಫೋನು ಮಾಡುವ ಮೊದಲು ಆದೇಶ ಊರ್ಜಿತದಲ್ಲಿದೆಯೇ ಎಂದು ಪಂಚಾಯತಿನಲ್ಲಿ ಕೇಳುವುದು ಒಳ್ಳೆಯದು. ಅರ್ಜಿಯನ್ನು ಕನ್ನಡದಲ್ಲೇ ಬರೆಯಬಹುದು. ನಮ್ಮಂಥ ಭಾಷಾ ಅಲ್ಪಸಂಖ್ಯಾತ ಪ್ರದೇಶದವರಿಗೆ 1969ರ ಕೇರಳ ಅಧಿಕೃತ ಭಾಷಾ ಕಾಯಿದೆ ಆ ಹಕ್ಕು ಕೊಟ್ಟಿದೆ. ‘ಮಲಯಾಳದಲ್ಲಿ ಬರ್ಕೊಂಡು ಬನ್ನಿ’ ಎಂದರೆ ಸಿಟ್ಟಾಗದೆ ಕಾಯಿದೆಯ ಹೆಸರು ಹೇಳಿದರಾಯಿತು.

ಹಳೆಯ ಬೋಂಟೆ

ತುಳುನಾಡಿನಲ್ಲಿ ಬೇಟೆಗೆ ಬೋಂಟೆ ಎನ್ನುತ್ತಾರೆ. ಫೆಬ್ರವರಿ ಹೊತ್ತಿಗೆ ಬರುವ ಕೆಡ್ಡಸದಲ್ಲಿ ಭೂಮಿತಾಯಿ ಮುಟ್ಟಾಗುತ್ತಾಳೆಂದು ಮೂರು ದಿನ ನೇಗಿಲು, ಹಾರೆ ಮುಟ್ಟುವಂತಿಲ್ಲ. ಆ ಬಿಡುವಿನಲ್ಲಿ ಊರ ಗಂಡಸರು ಬೋಂಟೆಗೆ ಹೋಗುವುದು ವಾಡಿಕೆಯಾಗಿತ್ತು. ಜಿಲ್ಲೆಯ ತೆಂಕಣ ಭಾಗದಲ್ಲಿ ವಯನಾಟು ಕುಲವನ್ ದೈವದ ಕಟ್ಟಿಗೂ ಬೇಟೆಗೂ ನಂಟು. ಇದನ್ನೆಲ್ಲ ಕೊಂಡಾಡಲು ನಾನು ಹೊರಟಿಲ್ಲ. ಕಾಯಿದೆ ಬಂದ ಮೇಲೆ ಅದು ನಿಂತದ್ದೇ ಸರಿ. ಆದರೆ ಆ ಬೇಟೆಗೊಂದು ಕಟ್ಟುಪಾಡಿತ್ತು ಎಂಬುದನ್ನು ಮರೆಯಬಾರದು. ಯಾರ ಗುಡ್ಡೆಗೆ ನುಗ್ಗುವುದೋ ಆ ಮನೆಯ ಯಜಮಾನನಿಗೆ ಹಿಂದಿನ ದಿನವೇ ಹೇಳಿಕೆ ಹೋಗುತ್ತಿತ್ತು. ಯಾರು ಎಲ್ಲಿ ಕೂರಬೇಕು, ಸೋವುವವರು ಯಾವ ಬದಿಯಿಂದ ಬೊಬ್ಬೆ ಹಾಕುತ್ತ ಬರಬೇಕು ಎಂಬುದು ಮೊದಲೇ ತೀರ್ಮಾನ. ಮೊದಲ ಗುಂಡು ಯಾರದೆಂಬುದರ ಮೇಲೆ ಹಕ್ಕು. ಕೋವಿಗೊಂದು ಪಾಲು, ನಾಯಿಗೊಂದು ಪಾಲು, ಬಿದ್ದ ಜಾಗದವನಿಗೊಂದು ಪಾಲು. ಜಗಳ ಆಗುತ್ತಿರಲಿಲ್ಲ ಎಂದಲ್ಲ. ಆದರೆ ಜಗಳ ತೀರಿಸಲು ಎಲ್ಲರೂ ಒಪ್ಪುವ ಲೆಕ್ಕವೊಂದಿತ್ತು.

ಐವತ್ತು ವರ್ಷ ಬೇಟೆ ನಿಂತಿತು, ಅದರ ಜೊತೆ ಆ ಲೆಕ್ಕವೂ ಮರೆತುಹೋಯಿತು. ಈಗ ಕೋವಿ ಕಾಗದದ ಸಮೇತ ವಾಪಸು ಬಂದಿದೆ. ಪಾಲು ಮಾಡಲು ಮಾಂಸವಿಲ್ಲ, ಹೇಳಿಕೆ ಕೊಡುವ ಯಜಮಾನನಿಲ್ಲ, ಜಾಗವೂ ಮಕ್ಕಳು ಮರಿಮಕ್ಕಳಿಗೆ ಪಾಲಾಗಿ ಚೂರುಚೂರಾಗಿದೆ. ಇದ್ದವರೇ ಹೊಸ ಕ್ರಮ ಕಟ್ಟಿಕೊಳ್ಳಬೇಕಾಗಿದೆ.

ಕೇಳುವ ಕ್ರಮ

ಹೆಚ್ಚಿನ ಬೆಡಿಯವರು ನಮ್ಮ ಬೈಲಿನವರಲ್ಲ. ಊರಲ್ಲಿ ಕೋವಿಯುಳ್ಳ ಹಿರಿಯರಿಗೆ ರಾತ್ರಿ ಕಣ್ಣು ಕಾಣುವುದಿಲ್ಲ, ಕಿರಿಯರು ಬೆಂಗಳೂರಿನಲ್ಲಿ. ಹಾಗಾಗಿ ಹೊಸದುರ್ಗದ ಕಡೆಯಿಂದಲೋ ಇನ್ನೂ ತೆಂಕಲಿಂದಲೋ ತಂಡ ಬರುತ್ತದೆ. ಅವರ ಮಾತು ಮಲಯಾಳ, ನಮ್ಮದು ಕನ್ನಡ ತುಳು. ಇದರಿಂದ ತೊಂದರೆಯಿಲ್ಲ, ಇಲ್ಲಿ ಎಲ್ಲರಿಗೂ ಎರಡು ಮೂರು ಭಾಷೆ ಬರುತ್ತದೆ. ತೊಂದರೆ ಇರುವುದು ಅವರಿಗೆ ನೆಲ ಗೊತ್ತಿಲ್ಲದಿರುವುದರಲ್ಲಿ. ಒಳ್ಳೆಯ ತಂಡದ ಗುರುತೇನೆಂದರೆ, ಅವರು ಮೊದಲು ಹಂದಿಯ ವಿಷಯ ಕೇಳುವುದಿಲ್ಲ. ನಮ್ಮಲ್ಲಿಗೆ ಬರುವ ತಂಡದ ಹಿರಿಯ ಕಾರಿನಿಂದ ಇಳಿದವನೇ ಕೇಳಿದ್ದು, ‘ಏಟ್ಟಾ, ಆ ಮೇಲಿನ ರಬ್ಬರು ಯಾರದ್ದು? ಅವರಿಗೆ ಗೊತ್ತುಂಟಾ?’

ಆ ಪ್ರಶ್ನೆಯಲ್ಲಿ ಅರ್ಧ ವಿದ್ಯೆ ಉಂಟು. ರಬ್ಬರು ಟ್ಯಾಪಿಂಗಿನವರು ಬೆಳಗಿನ ಜಾವ ಎರಡು ಮೂರು ಗಂಟೆಗೇ ತಲೆಗೆ ಲೈಟು ಕಟ್ಟಿ ಕೆಲಸ ಸುರು ಮಾಡುತ್ತಾರೆ. ಬೆಡಿಯವರ ತಲೆಯಲ್ಲೂ ಲೈಟು. ಕತ್ತಲಲ್ಲಿ ಮರದ ಸಂದಿಯಿಂದ ಮಿನುಗುವುದು ಹಂದಿಯ ಕಣ್ಣೋ ಮನುಷ್ಯನ ದೀಪವೋ ಎಂದು ಯೋಚಿಸಲು ಕೆಲವು ಸಲ ಕ್ಷಣವೂ ಇರುವುದಿಲ್ಲ. 2021ರ ನವೆಂಬರಿನಲ್ಲಿ ವಯನಾಡಿನ ಕಂಬಳಕ್ಕಾಡು ಬಳಿ ರಾತ್ರಿ ಗದ್ದೆಗೆ ಹೋಗಿದ್ದವರೊಬ್ಬರು ಗುಂಡೇಟಿಗೆ ಸತ್ತರು. ಹಂದಿಯೆಂದು ತಿಳಿದು ಹೊಡೆದದ್ದೆಂದು ಬಂಧಿತರು ಹೇಳಿದರು. ಆದ್ದರಿಂದ ಕರೆಸುವವನು ನೆರೆಯ ಜಾಗದ ಯಜಮಾನನಿಗೆ ಹೇಳಿದರೆ ಸಾಲದು, ಅಲ್ಲಿ ಕೆಲಸ ಮಾಡುವವರಿಗೆ ಹೇಳಬೇಕು. ಯಜಮಾನ ಮಂಗಳೂರಿನಲ್ಲಿ ಇರುತ್ತಾನೆ, ಮರದ ಬುಡದಲ್ಲಿ ಇರುವವನು ಬೇರೆ.

ಇನ್ನು ನವೆಂಬರಿನಿಂದ ಮೇ ವರೆಗೆ ನಮ್ಮ ಕಡೆ ರಾತ್ರಿ ಎಂದರೆ ಹಗಲಿದ್ದ ಹಾಗೆ. ಒಂದು ಕಡೆ ಆಟ, ಇನ್ನೊಂದು ಕಡೆ ನೇಮ, ಮತ್ತೊಂದು ಕಡೆ ತೆಯ್ಯಂ. ಮೂರು ಗಂಟೆಗೆ ಚೌಕಿಯಿಂದ ಹೊರಟವರು ತೋಟದ ಒಳದಾರಿಯಲ್ಲೇ ಮನೆಗೆ ನಡೆದು ಬರುವುದು. ರಂಜಾನಿನಲ್ಲಿ ಮುಂಜಾವಕ್ಕೆ ಮಸೀದಿಗೆ ಹೋಗುವವರುಂಟು. ಮರದಿಂದ ಕಳ್ಳು ಇಳಿಸುವವರು ಇನ್ನೂ ಕತ್ತಲಿರುವಾಗಲೇ ಬರುತ್ತಾರೆ. ಆಯಾ ಬೈಲಿನ ರಾತ್ರಿಯ ಲೆಕ್ಕ ಆಯಾ ಬೈಲಿನವರಿಗೇ ಗೊತ್ತಿರುವುದು. ಹೊರಗಿಂದ ಬಂದ ಕೋವಿಯವನಿಗೆ ಅದನ್ನು ಹೇಳಿಕೊಡುವ ಜವಾಬ್ದಾರಿ ಕರೆಸಿದವನದು.

ನಮ್ಮ ಬೈಲಿನಲ್ಲಿ ಒಂಬತ್ತು ಮನೆ. ವಾಟ್ಸಾಪಿನಲ್ಲಿ ಗುಂಪೊಂದಿದೆ, ಮೊದಲು ಅದು ಕಟ್ಟದ ನೀರಿನ ಸರದಿಗಾಗಿ ಹುಟ್ಟಿದ್ದು. ಈಗ ಬೆಡಿಯವರು ಬರುವ ದಿನ ಸಾಯಂಕಾಲ ಐದು ಗಂಟೆಯೊಳಗೆ ಅದರಲ್ಲಿ ಸುದ್ದಿ ಹಾಕಬೇಕೆಂದು ಮಾಡಿಕೊಂಡಿದ್ದೇವೆ. ಯಾರ ಜಾಗ, ಎಷ್ಟು ಗಂಟೆಯಿಂದ ಎಷ್ಟು ಗಂಟೆ, ಎಷ್ಟು ಕೋವಿ ಎಂದು ಬರೆಯಬೇಕು. ಮೊಬೈಲು ನೋಡದ ಎರಡು ಮನೆಗೆ ನಡೆದೇ ಹೋಗಿ ಹೇಳುವುದು. ನೋಡಿದೆ ಎಂದು ಎಲ್ಲರೂ ಉತ್ತರ ಕೊಟ್ಟ ಮೇಲೆಯೇ ಕಾರು ಬೈಲಿಗಿಳಿಯುವುದು. ಒಬ್ಬರು ಉತ್ತರ ಕೊಡದಿದ್ದರೆ ಫೋನು. ಫೋನು ಎತ್ತದಿದ್ದರೆ ಆ ಬದಿ ಇವತ್ತಿಗೆ ಬಿಟ್ಟದ್ದು. ಬಾಯಿ ಮಾತಿನ ಒಪ್ಪಿಗೆ ಸಾಕು ಎನ್ನುವವರಿದ್ದಾರೆ. ನನ್ನ ಮಟ್ಟಿಗೆ ಹೇಳುವುದಾದರೆ, ಪಾಲುಪಟ್ಟಿಯ ತಕರಾರು ಇರುವ ಜಾಗಗಳಲ್ಲಿ ಬರವಣಿಗೆಯೇ ಬೇಕು, ಅದೂ ಜಾಗ ಅನುಭವಿಸುತ್ತಿರುವವನ ಕೈಯಿಂದ. ಕುಮ್ಕಿಯೆಂದು ನಾವು ರೂಢಿಯಲ್ಲಿ ಹೇಳುವ ಗುಡ್ಡೆಯನ್ನು ‘ನನ್ನ ಜಾಗ’ ಎಂದು ತೋರಿಸಿ ಬೆಡಿಯವರನ್ನು ಬಿಡುವ ಪರಿಪಾಠವೂ ಇದೆ. ಸೊಪ್ಪು ಸೌದೆಯ ಹಕ್ಕು ಬೇರೆ, ಜಾಗ ಬೇರೆ. ಅದರಾಚೆ ಕಾಡು ಸುರುವಾಗುವಲ್ಲಿ ಪಂಚಾಯತಿನ ಕಾಗದಕ್ಕೆ ಬೆಲೆಯಿಲ್ಲ.

ಬಂದವರಿಗೆ ಹಗಲು ಬೆಳಕಿರುವಾಗಲೇ ಜಾಗ ತೋರಿಸಬೇಕು. ಕಟ್ಟೆಯಿಲ್ಲದ ಬಾವಿ ಎಲ್ಲಿ, ಸುರಂಗದ ಬಾಯಿ ಎಲ್ಲಿ, ತೋಡಿಗೆ ಹಾಕಿದ ಸಂಕ ಎಲ್ಲಿ, ಪಂಪಿನ ವಯರು ಎಲ್ಲಿ ಹಾದಿದೆ, ಜೇನುಪೆಟ್ಟಿಗೆ ಯಾವ ಸಾಲಿನಲ್ಲಿ ಇಟ್ಟಿದೆ. ಮನೆ, ಕೊಟ್ಟಿಗೆ ಯಾವ ದಿಕ್ಕಿಗೆ ಎಂಬುದಂತೂ ಸರಿಯೇ. ನಾಗಬನದ, ದೈವದ ಗುಡಿಯ ಬದಿಯಲ್ಲಿ ಬೆಡಿ ಬೇಡವೆಂದರೆ ಮಲಯಾಳದವರಿಗೂ ಬೇಗ ಅರ್ಥವಾಗುತ್ತದೆ, ಅವರಲ್ಲೂ ಕಾವುಗಳುಂಟು. ಮೇಲಿನಿಂದ ಕೆಳಕ್ಕೆ, ಗುಂಡು ಮಣ್ಣಿಗೆ ಹೂತುಹೋಗುವಂತೆ ಹೊಡೆಯಬೇಕೆಂಬುದು ಬಲ್ಲವರ ಕ್ರಮ. ಮುರಕಲ್ಲಿನ ಪಾದೆಗೆ ತಾಗಿದ ಗುಂಡು ಎತ್ತ ಹಾರೀತೆಂದು ಹೇಳಲಾಗದು.

ನಾಯಿಯ ವಿಷಯಕ್ಕೆ ಬೇರೆಯೇ ಒಪ್ಪಿಗೆ ಬೇಕು. ಕೆಲವು ತಂಡಗಳು ಹಗಲು ನಾಯಿ ಬಿಟ್ಟು ಹಂದಿ ಎಬ್ಬಿಸುತ್ತವೆ. ಕೋವಿಯವನು ತಡಮೆ ನೋಡಿ ನಿಂತಾನು, ನಾಯಿ ನಿಲ್ಲುತ್ತದೆಯೇ? ಗಬ್ಬದ ದನ ಕಟ್ಟಿದ ಗುಡ್ಡೆಗೆ, ಕೋಳಿ ಬಿಟ್ಟ ಹಿತ್ತಿಲಿಗೆ ಹತ್ತು ನಾಯಿ ನುಗ್ಗಿದರೆ ಹಂದಿ ಸತ್ತ ಸಂತೋಷ ಅಲ್ಲಿಗೇ ಮುಗಿಯಿತು. ‘ಬರುದಾದ್ರೆ ಬನ್ನಿ ಮಾರಾಯ್ರೆ, ನಾಯಿ ಮಾತ್ರ ಬೇಡ’ ಎನ್ನುವ ಮನೆಗಳು ನಮ್ಮಲ್ಲಿ ನಾಲ್ಕು. ಅವರಿಗೆ ಸಮಜಾಯಿಷಿ ಹೇಳಲು ಹೋಗಬಾರದು.

ನೋಡಲು ಬರುವ ಜನರನ್ನೂ ತಡೆಯಬೇಕು. ಬೆಡಿಯವರು ಬಂದರೆಂದು ಗೊತ್ತಾದರೆ ಸಾಕು, ಎರಡು ಬೈಕಿನಲ್ಲಿ ಆರು ಮಂದಿ ಹುಡುಗರು ಮೊಬೈಲು ಹಿಡಿದು ಹಾಜರು. ಅವರಲ್ಲಿ ಒಬ್ಬ ಕೆಮ್ಮಿದರೂ ಹಂದಿ ಹೋಯಿತು. ಒಬ್ಬ ಕೋವಿಯ ಮುಂದೆ ಬಂದರೆ ಇನ್ನೇನು ಗತಿ. ಸತ್ತ ಹಂದಿಯ ಮೇಲೆ ಕಾಲಿಟ್ಟು ತೆಗೆದ ಪಟ ನೆರೆಮನೆಯ ಮಕ್ಕಳ ಮೊಬೈಲಿಗೂ ಬರುತ್ತದೆ. ಅದು ಯಾರಿಗೂ ಗೌರವದ ಸಂಗತಿಯಲ್ಲ. ಬಂದವರಿಗೆ ಚಾ, ಗಂಜಿ ಊಟ ಕೊಡುವುದು ನಮ್ಮ ಮರ್ಯಾದೆ. ಕುಡಿಯಲು ಕೊಡುವುದು ಮರ್ಯಾದೆಯಲ್ಲ.

ಗಾಯಗೊಂಡ ಹಂದಿ

ಎಲ್ಲಕ್ಕಿಂತ ಕಠಿಣವಾದದ್ದು ಇದು. ಗುಂಡು ತಾಗಿದ ಹಂದಿ ಬಿದ್ದಲ್ಲೇ ಬಿದ್ದಿತೆಂಬ ಭರವಸೆಯಿಲ್ಲ. ರಕ್ತ ಸುರಿಸುತ್ತ ಅರ್ಧ ಮೈಲಿ ಓಡಬಲ್ಲದು. ಅದು ಹೊಕ್ಕ ಪೊದೆಗೆ ಮರುದಿನ ಬೆಳಿಗ್ಗೆ ಸೊಪ್ಪು ತರಲು ಹೋಗುವ ಹೆಂಗಸಿಗೆ ಕೋರೆಯ ತಿವಿತ ಖಂಡಿತ.

ಆಚೆ ಬೈಲಿನ ಒಂದು ಸಂಗತಿ ಹೇಳುತ್ತೇನೆ. ಪಾಲಾದ ಅಣ್ಣತಮ್ಮಂದಿರ ತೋಟ, ನಡುವೆ ಒಂದು ಕಣಿ. ನೀರಿನ ಸರದಿಯ ಕಾರಣಕ್ಕೆ ಮಾತು ನಿಂತು ವರ್ಷವಾಗಿತ್ತು. ಅಣ್ಣ ಬೆಡಿಯವರನ್ನು ಕರೆಸಿದ, ತಮ್ಮನಿಗೆ ಹೇಳಲಿಲ್ಲ. ರಾತ್ರಿ ಒಂದು ಗಂಟೆಗೆ ಎರಡು ಶಬ್ದ ಕೇಳಿತಂತೆ. ಹಂದಿ ಕಣಿ ದಾಟಿ ಮೇಲಕ್ಕೆ ಓಡಿತು. ತಮ್ಮನ ಜಾಗಕ್ಕೆ ಹೋಗಲು ಅಣ್ಣನಿಗೆ ಮನಸ್ಸಿಲ್ಲ, ಕೇಳಲು ಬಾಯಿಲ್ಲ. ‘ಎಲ್ಲಿಗೆ ಹೋಗ್ತದೆ, ಗುಡ್ಡೆಲಿ ಬಿದ್ದು ಸಾಯ್ತದೆ’ ಎಂದು ತಂಡವನ್ನು ಕಳಿಸಿಬಿಟ್ಟ. ಮೂರನೆಯ ದಿನ ವಾಸನೆ ಬಂತು. ಹಂದಿ ಬಿದ್ದದ್ದು ತಮ್ಮನ ಸುರಂಗದ ನೀರು ತುಂಬುವ ಕೆರೆಯಲ್ಲಿ. ಆ ಮನೆಗೆ ಕುಡಿಯಲು ಇದ್ದದ್ದು ಅದೊಂದೇ ನೀರು. ಮನೆಯಲ್ಲಿ ಮೂರು ದಿನವೂ ಅದನ್ನೇ ಕುಡಿದಿದ್ದರು, ಸಣ್ಣ ಮಗುವೂ ಸೇರಿ.

ಸುರಂಗವೆಂದರೆ ಏನೆಂದು ಘಟ್ಟದ ಮೇಲಿನ ಓದುಗರಿಗೆ ಒಂದು ಮಾತು. ಬಾವಿ ತೋಡಿ ನೀರು ಸಿಗದ ನಮ್ಮ ಮುರಕಲ್ಲು ಗುಡ್ಡಗಳಲ್ಲಿ ಅಡ್ಡಕ್ಕೆ ಕೊರೆದು, ಒಸರುವ ನೀರನ್ನು ಕೆರೆಗೆ ಹರಿಸಿಕೊಳ್ಳುತ್ತೇವೆ. ಪಂಪು ಬೇಡ, ಕರೆಂಟು ಬೇಡ. ಹಲವು ಮನೆಗಳ ಜೀವ ನಿಂತಿರುವುದು ಬೆರಳು ಗಾತ್ರದ ಆ ನೀರಿನಲ್ಲಿ. ಕೆರೆ ಬತ್ತಿಸಿ, ಕೆಸರು ತೆಗೆದು, ಸುಣ್ಣ ಹಾಕಿ ಮತ್ತೆ ತುಂಬಲು ಬೇಸಗೆಯಲ್ಲಿ ವಾರಗಳು ಬೇಕಾದವು. ಖರ್ಚು ಅಣ್ಣ ಕೊಡುತ್ತೇನೆಂದ, ತಮ್ಮ ತೆಗೆದುಕೊಳ್ಳಲಿಲ್ಲ. ಅಣ್ಣನ ತೋಟಕ್ಕೆ ಪಿಕಪ್ಪು ಹೋಗುವ ದಾರಿ ತಮ್ಮನ ಜಾಗದಲ್ಲಿತ್ತು. ಅದಕ್ಕೆ ಬೇಲಿ ಬಿತ್ತು. ಎರಡು ಕೊಯ್ಲು ಕಳೆಯಿತು, ಅಡಿಕೆ ಇವತ್ತಿಗೂ ತಲೆಹೊರೆಯಲ್ಲೇ ರಸ್ತೆಗೆ ಬರುತ್ತಿದೆ.

ಅದನ್ನು ನೋಡಿದ ಮೇಲೆ ನಮ್ಮ ಬೈಲಿನಲ್ಲಿ ಎರಡು ತೀರ್ಮಾನವಾಯಿತು. ಗುಂಡು ತಾಗಿದ ಹಂದಿ ಸಿಗುವವರೆಗೆ ಆ ರಾತ್ರಿ ಇನ್ನೊಂದಕ್ಕೆ ಗುರಿಯಿಡುವಂತಿಲ್ಲ. ಅದು ಇನ್ನೊಬ್ಬರ ಜಾಗಕ್ಕೆ ಹೊಕ್ಕರೆ, ಮೊದಲೇ ಒಪ್ಪಿಗೆಯಿದ್ದರೂ ಮತ್ತೊಮ್ಮೆ ಫೋನು ಮಾಡಿ, ಆ ಮನೆಯ ಒಬ್ಬರು ಜೊತೆಗೆ ಬಂದ ಮೇಲೆಯೇ ತಡಮೆ ದಾಟುವುದು. ರಾತ್ರಿ ಎರಡು ಗಂಟೆಗೆ ಎಬ್ಬಿಸಿದರೆ ಯಾರಿಗಾದರೂ ಬೇಜಾರೇ. ಆ ಬೇಜಾರು ಬೆಳಿಗ್ಗೆ ಚಾ ಕುಡಿಯುವಷ್ಟರಲ್ಲಿ ಮುಗಿಯುತ್ತದೆ. ಸಿಗದೇ ಹೋದರೆ ಬೆಳಕು ಹರಿಯುವ ಮೊದಲು ಎಲ್ಲ ಮನೆಗೂ ಸುದ್ದಿ. ಆ ದಿನ ಆ ಗುಡ್ಡೆಗೆ ಸೊಪ್ಪಿಗೆ, ಸೌದೆಗೆ ಯಾರೂ ಹೋಗುವುದಿಲ್ಲ, ದನ ಬಿಡುವುದಿಲ್ಲ. ಮೊಲೆ ಇಳಿಬಿದ್ದ ಹೆಣ್ಣಿಗೆ ಹೊಡೆಯುವುದಿಲ್ಲವೆಂಬುದು ನಮ್ಮ ತಂಡದ ಹಿರಿಯ ತಾನಾಗಿ ಹಾಕಿಕೊಂಡ ಕಟ್ಟು. ಬೈಲಿನವರಲ್ಲಿ ಕೆಲವರಿಗೆ ಅದು ಸರಿ ಕಾಣುವುದಿಲ್ಲ, ಮರಿಯೇ ಅಲ್ಲವೇ ನಾಳೆ ಹಂದಿಯಾಗುವುದು ಎನ್ನುತ್ತಾರೆ. ಕೋವಿ ಹಿಡಿದವನ ಮನಸ್ಸು ಒಪ್ಪದ್ದನ್ನು ಮಾಡಿಸಬಾರದೆಂದು ನನ್ನ ಅಭಿಪ್ರಾಯ.

ಹೊಂಡ ಯಾರ ಜಾಗದಲ್ಲಿ?

ಮಾಂಸದ ಮಾತು ಎಲ್ಲ ಕಡೆಯೂ ಬರುತ್ತದೆ. ‘ಮಣ್ಣಿಗೆ ಹಾಕುದಕ್ಕಿಂತ ನಾಲ್ಕು ಜನ ತಿನ್ಲಿ’ ಎಂದು ಕೆಲಸದವರೂ ಹೇಳುತ್ತಾರೆ, ಯಜಮಾನರೂ ಮೆಲ್ಲಗೆ ಹೇಳುತ್ತಾರೆ. ಕಾನೂನು ಒಪ್ಪುವುದಿಲ್ಲ. ಅನುಮತಿ ಇರುವುದು ಕೊಲ್ಲಲು ಮಾತ್ರ. ಸತ್ತದ್ದನ್ನು ಹೂಳಿ, ಎಲ್ಲಿ ಯಾವಾಗ ಎಷ್ಟು ಎಂದು ಪಂಚಾಯತಿನ ಲೆಕ್ಕಕ್ಕೆ ಕೊಡಬೇಕು. ಒಂದು ಕಿಲೋ ಮಾಂಸ ಹಂಚಿಹೋದರೂ ಕೇಸು ಬೀಳುವುದು ಕೋವಿಯವನ ಮೇಲೆ, ಹೋಗುವುದು ಅವನ ಪರವಾನಗಿ. ನಮ್ಮ ಬೆಳೆ ಕಾಯಲು ನಿದ್ದೆಗೆಟ್ಟು ಬಂದವನನ್ನು ಆ ಸಂಕಟಕ್ಕೆ ದೂಡುವುದು ನ್ಯಾಯವಲ್ಲ. 2022ರ ಜುಲೈಯಲ್ಲಿ ವಯನಾಡಿನ ಸಾಕಣೆ ಕೇಂದ್ರಗಳಲ್ಲಿ ಆಫ್ರಿಕದ ಹಂದಿಜ್ವರ ಕಾಣಿಸಿಕೊಂಡು ನೂರಾರು ಸಾಕುಹಂದಿಗಳನ್ನು ಕೊಲ್ಲಬೇಕಾಯಿತು. ಮನುಷ್ಯರಿಗೆ ತಾಗದ ರೋಗ ಅದು, ಆದರೆ ಕಾಡುಹಂದಿಯಿಂದ ಸಾಕುಹಂದಿಗೆ ಮಾಂಸದ ಚೂರಿನ ಮೂಲಕವೂ ಹೋಗಬಲ್ಲದು. ಹಂದಿ ಸಾಕಿ ಬದುಕುವ ಕುಟುಂಬಗಳು ನಮ್ಮಲ್ಲೂ ಇವೆ.

ಹಾಗಾದರೆ ಹೊಂಡ ಎಲ್ಲಿ? ಕರೆಸಿದವನ ಜಾಗದಲ್ಲಿ, ಹಂದಿ ಎಲ್ಲಿಯೇ ಬಿದ್ದಿರಲಿ. ಬಿದ್ದ ಜಾಗದವನಿಗೆ ಹಿಂದೆ ಪಾಲು ಸಿಗುತ್ತಿತ್ತು, ಈಗ ಅವನ ಪಾಲಿಗೆ ವಾಸನೆ ಮಾತ್ರ ಉಳಿಯಬಾರದಲ್ಲ! ಬೆಡಿಯವರು ಬರುವ ದಿನ ಹಗಲೇ ಹೊಂಡ ತೋಡಿಡುವುದು ಜಾಣತನ. ಮುರಕಲ್ಲು ನೆಲದಲ್ಲಿ ರಾತ್ರಿ ಮೂರು ಗಂಟೆಗೆ ಪಿಕ್ಕಾಸು ಹಿಡಿದವನಿಗೆ ಮೊಣಕಾಲುದ್ದ ಅಗೆಯುವಷ್ಟರಲ್ಲಿ ಸಾಕಾಗುತ್ತದೆ. ಅಷ್ಟೇ ಆಳದಲ್ಲಿ ಹೂತದ್ದನ್ನು ಮರುದಿನ ನಾಯಿ ಎಳೆದು ತರುತ್ತದೆ. ಬಾವಿ, ಸುರಂಗ, ತೋಡುಗಳಿಂದ ದೂರ, ನೀರು ಇಳಿಯುವ ದಿಕ್ಕಿಗೆ ಅಲ್ಲದ ಕಡೆ, ಆಳುದ್ದ ತೋಡಬೇಕು. ಒಳಗಿಳಿಸಿದ ಮೇಲೆ ಸುಣ್ಣ, ಮಣ್ಣು, ಮೇಲೆ ಕಲ್ಲು ಹೇರುವುದು. ಕೆಲಸದವರ ಕೂಲಿ, ತಂಡದ ಪೆಟ್ರೋಲು, ತೋಟೆಯ ಖರ್ಚು – ಇವನ್ನು ನಾವು ಜಾಗದ ಎಕರೆ ಲೆಕ್ಕದಲ್ಲಿ ಹಂಚಿಕೊಳ್ಳುತ್ತೇವೆ. ಹಂದಿ ಸಿಗಲಿ ಸಿಗದಿರಲಿ ಹಂಚಿಕೆ ಒಂದೇ. ಸಿಕ್ಕಿದರೆ ಮಾತ್ರ ಕೊಡುತ್ತೇನೆ ಎನ್ನುವವರು ಹೋದ ವರ್ಷ ಒಬ್ಬರಿದ್ದರು, ಈ ವರ್ಷ ಅವರೂ ಸರಿಯಾಗಿದ್ದಾರೆ.

ಚುನಾವಣೆ ಬಂತೆಂದರೆ ಇದೆಲ್ಲ ನಿಂತಿತು. ಕೋವಿಗಳು ಠಾಣೆಗೆ, ಹಂದಿಗಳು ತೋಟಕ್ಕೆ. ಪಂಚಾಯತಿಗೊಂದು, ವಿಧಾನಸಭೆಗೊಂದು, ಲೋಕಸಭೆಗೊಂದು. ನಮ್ಮ ದೇಶದಲ್ಲಿ ಚುನಾವಣೆಗೆ ಬರಗಾಲವಿಲ್ಲವಷ್ಟೆ. ಆಗ ಕೆಲವರಿಗೆ ಕರೆಂಟಿನ ದುರ್ಬುದ್ಧಿ ಬರುತ್ತದೆ. 2025ರ ಜೂನಿನಲ್ಲಿ ಮಲಪ್ಪುರಂ ಜಿಲ್ಲೆಯ ವಳಿಕ್ಕಡವಿನಲ್ಲಿ ಮೀನು ಹಿಡಿಯಲು ಹೋಗಿದ್ದ ಹತ್ತನೆಯ ತರಗತಿಯ ಹುಡುಗ ಹಂದಿಗಿಟ್ಟ ಕರೆಂಟು ತಂತಿಗೆ ಸಿಕ್ಕಿ ಸತ್ತ. 2020ರ ಮೇಯಲ್ಲಿ ಪಾಲಕ್ಕಾಡಿನಲ್ಲಿ ಗಬ್ಬದ ಆನೆ ಬಾಯೊಳಗೆ ಸಿಡಿಮದ್ದು ಸಿಡಿದು ಹೊಳೆಯಲ್ಲಿ ನಿಂತೇ ಪ್ರಾಣಬಿಟ್ಟದ್ದನ್ನು ದೇಶವೇ ನೋಡಿತು. ಲೈನಿನ ಕರೆಂಟನ್ನು ನೇರ ಬೇಲಿಗೆ ಕೊಡುವವನು ನೆರೆಯವನಾಗಲು ಯೋಗ್ಯನಲ್ಲ; ಈ ಮಾತನ್ನು ಮೃದು ಮಾಡಿ ಹೇಳುವ ಅಗತ್ಯ ನನಗೆ ಕಾಣುವುದಿಲ್ಲ. ಸೋಲಾರು ಬೇಲಿ ಹಾಕುವವರೂ ಗಡಿಯಾಚೆಯವರಿಗೆ ಹೇಳಿ, ಬೋರ್ಡು ತೂಗುಹಾಕಬೇಕು.

ಗಡಿಯಾಚೆ

ಅಡ್ಕಸ್ಥಳ, ದೇಲಂಪಾಡಿಗಳ ಕಡೆ ಮನೆ ಕೇರಳದಲ್ಲಿ, ತೋಟದ ಒಂದು ತುಂಡು ಕರ್ನಾಟಕದಲ್ಲಿ ಇರುವ ಕುಟುಂಬಗಳುಂಟು. 1956ರ ನವೆಂಬರ್ 1ರಂದು ಗೆರೆ ಎಳೆದವರು ಅಡಿಕೆ ಮರದ ಸಾಲು ನೋಡಿ ಎಳೆದದ್ದಲ್ಲ. ಕೇರಳದ ಪಂಚಾಯತು ಕೊಟ್ಟ ಕಾಗದ ಆ ಗೆರೆಯವರೆಗೆ ಮಾತ್ರ. ಜಾಗ ನಿಮ್ಮದೇ ಆಗಿದ್ದರೂ, ಹಂದಿ ನಿಮ್ಮ ಬಾಳೆಯನ್ನೇ ತಿಂದಿದ್ದರೂ, ತೋಡು ದಾಟಿ ಪುತ್ತೂರಿನ ಅಥವಾ ಸುಳ್ಯದ ಬದಿಗೆ ಹೋದ ಮೇಲೆ ಅಲ್ಲಿನ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಹೊಡೆದರೆ ಅದು ಬೇಟೆ. ಕೋವಿಯ ಪರವಾನಗಿಯಲ್ಲಿ ಯಾವ ಪ್ರದೇಶಕ್ಕೆ ಎಂದು ಬರೆದಿದೆ ಎಂಬುದನ್ನೂ ನೋಡಿಕೊಳ್ಳಬೇಕು. ಎಲ್ಲದರಲ್ಲೂ ದೇಶವಿಡೀ ಎಂದಿರುವುದಿಲ್ಲ. ಗಾಯಗೊಂಡ ಹಂದಿ ಆಚೆ ಹೋದರೆ ಆಚೆಯವರಿಗೂ ಅಲ್ಲಿನ ಅರಣ್ಯದವರಿಗೂ ತಿಳಿಸುವುದಷ್ಟೇ ನಮ್ಮ ಕೈಯಲ್ಲಿರುವುದು.

ತಾಳವಾಡಿ, ಹೊಸೂರು ಕಡೆಯ ಓದುಗರೂ ನಮ್ಮ ಕ್ರಮ ನೋಡಿ ಹೊರಡುವಂತಿಲ್ಲ. ತಮಿಳುನಾಡು 2025ರ ಜನವರಿಯಲ್ಲಿ ತಂದ ವ್ಯವಸ್ಥೆಯಲ್ಲಿ ಕಾಡಿನಂಚಿನಿಂದ 1 ಕಿ.ಮೀ. ಒಳಗೆ ಹಂದಿಯನ್ನು ಮುಟ್ಟುವಂತಿಲ್ಲ, 1ರಿಂದ 3 ಕಿ.ಮೀ. ವರೆಗೆ ಹಿಡಿದು ಕಾಡಿಗೆ ಬಿಡಬೇಕು, 3 ಕಿ.ಮೀ. ಆಚೆ ಮಾತ್ರ ಹೊಡೆಯಬಹುದು, ಅದೂ ಅರಣ್ಯ ಸಿಬ್ಬಂದಿಯೇ. ಸತ್ಯಮಂಗಲದ ಹುಲಿಕಾಡು ಸುತ್ತುವರಿದ ತಾಳವಾಡಿಯವರಿಗೆ ಇದರಿಂದ ಎಷ್ಟು ಉಪಯೋಗವೆಂದು ಅವರೇ ಹೇಳಬೇಕು. ಕೇರಳ ವಿಧಾನಸಭೆ 2025ರ ಅಕ್ಟೋಬರಿನಲ್ಲಿ ವನ್ಯಜೀವಿ ಕಾಯಿದೆಗೆ ತನ್ನದೇ ತಿದ್ದುಪಡಿ ಮಸೂದೆ ಅಂಗೀಕರಿಸಿತು. ಕೇಂದ್ರದ ಕಾಯಿದೆಯನ್ನು ಮುಟ್ಟುವ ಮಸೂದೆಯಾದ್ದರಿಂದ ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಬೇಕು.

ನಮ್ಮ ಒಂಬತ್ತು ಮನೆಗಳಲ್ಲಿ ಎಂಟು ಒಪ್ಪಿವೆ. ಒಪ್ಪದಿರುವುದು ಮೇಲಿನ ಮನೆಯ ದೊಡ್ಡಮ್ಮ. ಮೂರು ಎಕರೆ ಗುಡ್ಡೆ, ಪೊದೆ ತುಂಬಿದೆ, ಹಗಲು ಹಂದಿ ಮಲಗುವುದೇ ಅಲ್ಲಿ. ಎರಡು ಸಲ ಹಿರಿಯರು ಹೋಗಿ ಮಾತಾಡಿದರು. ‘ನನ್ನ ಜಾಗೆಲಿ ಕೊಲ್ಲುದು ಬೇಡ ಮಗಾ. ಬಾಳೆ ಹೋದ್ರೆ ಹೋಗ್ಲಿ, ನಂಗೆ ಎಷ್ಟು ಬೇಕು’ ಎಂದರು. ಹೋದ ಬಾಳೆ ಅವರದಲ್ಲ, ನಮ್ಮದು; ಅದನ್ನು ಒಬ್ಬರು ಸ್ವಲ್ಪ ಜೋರಾಗಿಯೇ ಹೇಳಿದರು. ದೊಡ್ಡಮ್ಮ ಚಾ ಮಾಡಿ ಕೊಟ್ಟರು, ಮಾತು ಬದಲಿಸಲಿಲ್ಲ. ಅವರಿಗೆ ಗೊತ್ತಾಗದ ಹಾಗೆ ಒಂದು ರಾತ್ರಿ ಮುಗಿಸಿಬಿಡೋಣ ಎಂಬ ಸಲಹೆಯೂ ಬಂತು. ಬೇಡವೆಂದದ್ದು ನಮ್ಮಲ್ಲಿ ಯಾರೂ ಅಲ್ಲ, ತೆಂಕಲಿಂದ ಬರುವ ಆ ಹಿರಿಯ ಬೆಡಿಯವನು. ‘ಅಮ್ಮ ಬೇಡ ಹೇಳಿದ್ರೆ ನಾನು ಕೋವಿ ತುಂಬುದಿಲ್ಲ’ ಎಂದ.

ಕೊನೆಗೆ ಆದದ್ದಿಷ್ಟು. ಗಡಿಯುದ್ದಕ್ಕೆ ಹತ್ತು ಮಾರು ಅಗಲ ಪೊದೆ ಸವರಲು ದೊಡ್ಡಮ್ಮ ಒಪ್ಪಿದ್ದಾರೆ, ಕೂಲಿ ನಮ್ಮದು. ಸವರಿದ ಜಾಗದ ಕೆಳಗೆ ಸೋಲಾರು ತಂತಿ ಎಳೆಯಲು ಅವರೂ ಅರ್ಧ ಖರ್ಚು ಕೊಡುತ್ತಾರಂತೆ. ಕೆಲಸ ಮಳೆ ಬಿಟ್ಟ ಮೇಲೆ. ಅಲ್ಲಿಯವರೆಗೆ ಬೆಡಿಯವರು ಬಂದ ರಾತ್ರಿ ಅವರ ತಡಮೆಯ ಹತ್ತಿರ ನಮ್ಮಲ್ಲೊಬ್ಬರು ಟಾರ್ಚು ಹಿಡಿದು ಕೂರುತ್ತೇವೆ, ಯಾರೂ ದಾಟದ ಹಾಗೆ. ಮುಂದಿನ ಶನಿವಾರ ನನ್ನ ಸರದಿ.